ಒಲೆ ಎಷ್ಟು

ಬಂದವರು ಮೊದಲು ಕೇಳಿದ್ದು ಹೆಸರಲ್ಲ,
'ಒಲೆ ಎಷ್ಟು ಈ ಮನೇಲಿ?'
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ,
ಹೊಸಿಲಾಚೆಯೇ ನಿಂತು.

ಒಂದೇ, ಅಂದೆ.
ಇದ್ದದ್ದು ಹೇಳಿದರೆ ಇದ್ದ ಅಕ್ಕಿ ಹೋಗುತ್ತದೆಂದು
ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ
ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಗಂಡ ಮದನಪಲ್ಲಿ ಬಸ್ಸು ಹತ್ತಿ ಆರು ವರ್ಷ.
ಬಾರದವನು ಸತ್ತವನಲ್ಲ,
ವಿಧವೆಯ ಕಾಲಂ ನನ್ನದಲ್ಲ.
ಬಿಟ್ಟೆ ಅಂತ ಬರೆದುಕೊಡಲು
ಬಿಟ್ಟವನೇ ಬರಬೇಕಂತೆ.

ಅಣ್ಣ ನಾರೆಪ್ಪ
ಗೂಡು ರಾಶಿ ಹಾಕುತ್ತಿದ್ದ ಕೋಣೆ ಖಾಲಿ ಮಾಡಿ
ಸುಣ್ಣ ಬಳಿದು, ಬಲ್ಬು ಸಿಕ್ಕಿಸಿ,
'ಇರು' ಅಂದಿದ್ದ.
ಎಷ್ಟು ದಿನ ಅನ್ನಲಿಲ್ಲ,
ಎಷ್ಟು ಕೊಡ್ತೀಯ ಅನ್ನಲಿಲ್ಲ.

ಆ ಎರಡಕ್ಷರವನ್ನು ಕಚೇರಿ ತೂಕಕ್ಕೆ ಹಾಕಿತು.
ಕೇಳದ ಬಾಡಿಗೆ ನನ್ನ ಆದಾಯವಂತೆ.
ಅಣ್ಣನ ಸೂರು ನನ್ನ ಅನುಕೂಲವಂತೆ.
ಅವನು ಕಂತಿನಲ್ಲಿ ಕೊಂಡ ಹಳೇ ಓಮ್ನಿಯ
ನಾಲ್ಕು ಚಕ್ರದಲ್ಲಿ ಒಂದು ನನ್ನದಂತೆ.
ಕಾರ್ಡು ರದ್ದು.
ಅವನದು, ಅವನ ಜೊತೆಗೆ ನನ್ನದು,
ಒಂದೇ ಬಿಸಿನೀರಿಗೆ ಬಿದ್ದ ಗೂಡುಗಳ ಹಾಗೆ.

ತಾಲ್ಲೂಕು ಕಚೇರಿ ಮುಂದಿನ ಹುಣಸೆಮರದಡಿ
ಟೈಪಿಸ್ಟ್ ಖಲಂದರ್ ಸಾಬರು ಕನ್ನಡಕ ಒರೆಸಿದರು:
'ಸುಮ್ಮನೆ ಇರೋದಕ್ಕೆ ಕಾಗದ ಇಲ್ಲ ಕಣಮ್ಮ,
ಬಾಡಿಗೆಗೆ ಐತೆ.
ತಿಂಗಳಿಗೆ ಒಂಬೈನೂರು ಅಂತ ಹೊಡೀಲಾ?'

ಅಣ್ಣ ಸಿಡಿದ.
'ಒಂದೇ ಬಸಿರಲ್ಲಿ ಇದ್ದೋರು ನಾವು,
ಅಲ್ಲಿ ಯಾರಿಗೆ ಕಟ್ಟಿದ್ವೇ ಬಾಡಿಗೆ?'
ಮೂರು ದಿನ ಮಾತಿಲ್ಲ.
ನಾಲ್ಕನೇ ದಿನ ಛಾಪಾಕಾಗದ ಎಳೆದುಕೊಂಡು
ಎಷ್ಟು ಒತ್ತಿ ರುಜು ಹಾಕಿದನೆಂದರೆ
'ಪ್ಪ'ದ ಹತ್ತಿರ ಕಾಗದ ತೂತಾಯಿತು.

ಅತ್ತಿಗೆ ಗಂಗರತ್ನ ಏನೂ ಹೇಳಲಿಲ್ಲ.
ಮೂರು ಸೈಜುಗಲ್ಲಿನ ಚೂರು ಹೊತ್ತು ತಂದಳು,
ನನ್ನ ಕೋಣೆಯ ಮೂಲೆಗೆ ಹೂಡಿದಳು.
ಹೊಸ ಸುಣ್ಣದ ಗೋಡೆ ನೋಡಿ, ನಿಂತು,
ನೀರೊಲೆಯ ಮಸಿ ಅಂಗೈಗೆ ಕೆರೆದು ತಂದು
ಮೇಲಿಂದ ಕೆಳಕ್ಕೆ ಬಳಿದಳು,
ವರ್ಷಗಟ್ಟಲೆ ಉರಿದಂತೆ.

ಎರಡನೇ ಸಲ ಬಂದದ್ದು ಸ್ಕೂಟಿಯ ಹುಡುಗಿ.
ಬೂದಿಯ ಮೇಲೆ ಕೈಯಾಡಿಸಿದಳು. ಬೆಚ್ಚಗಿತ್ತು.
ಅಷ್ಟರಲ್ಲಿ ಅಣ್ಣನ ಮಗ ತಟ್ಟೆ ಹಿಡಿದು ಬಂದ:
'ಅತ್ತೇ, ಇವತ್ತು ಇಲ್ಲೂ ಉಣ್ಣಬೇಕಾ?'

ಪೆನ್ನು ನಿಂತಿತು.
ಆಚೆ ಫಿಲೇಚರಿನ ರಾಟೆ ಮಾತ್ರ ತಿರುಗುತ್ತಿತ್ತು.
ಹುಡುಗಿ ನನ್ನ ಬಿಂದಿಗೆ ಕಡೆ ತೋರಿಸಿ ನೀರು ಕೇಳಿದಳು,
ಕುಡಿದಳು,
ಬಾಯಿ ಒರೆಸಿಕೊಂಡು ಬರೆದಳು: ಎರಡು.

ಕಾರ್ಡು ಭಾದ್ರಪದದಲ್ಲಿ ಬಂತು.
ಅಕ್ಕಿ ಬಂತು.
ಆಮೇಲೆ ನಮ್ಮದೊಂದು ಆಟ ನಡೆಯಿತು:
ಒಂದನೇ ತಾರೀಖು ಬೆಳಿಗ್ಗೆ ಅಣ್ಣ ನನಗೆ ಒಂಬೈನೂರು,
ಸಂಜೆ ನಾನು ಅದನ್ನೇ ಅಣ್ಣನಿಗೆ.
ರಸೀದಿ ಹರಿದು ನಗುತ್ತಾ ಕೊಡುತ್ತಿದ್ದ.
ನಡುವೆ ಒಂದು ಹಗಲು
ಆ ನೋಟುಗಳು ನನ್ನ ಕುಪ್ಪಸದಲ್ಲಿ
ಬೆಚ್ಚಗೆ ಬಾಡಿಗೆಗಿರುತ್ತಿದ್ದವು.

ಕಾರ್ತೀಕದಲ್ಲಿ ಓಮ್ನಿ ಕೈಕೊಟ್ಟಿತು, ಗೂಡಿನ ರೇಟು ಬಿತ್ತು.
ಬೆಳಿಗ್ಗೆ ಅವನು ಕೊಡಲಿಲ್ಲ.
ನಾನು ಕೇಳಲಿಲ್ಲ.
ಸಂಜೆ, ಬಿಸಿನೀರಲ್ಲಿ ಬಿಳಿಚಿ ಸುಕ್ಕಾದ ಬೆರಳಲ್ಲಿ
ನನ್ನ ಬಟವಾಡೆಯಿಂದ ಒಂಬೈನೂರು ತೆಗೆದಿಟ್ಟೆ.

ಅಣ್ಣ ಎಣಿಸಿದ.
ಯಾವತ್ತೂ ಎಣಿಸಿದವನಲ್ಲ.
ರಸೀದಿ ಹರಿದು ಹಾಸುಗಲ್ಲ ಮೇಲಿಟ್ಟು
ಚಪ್ಪಲಿ ಹುಡುಕುತ್ತಾ ಹೊರಟ.

ಅವತ್ತು ಮೂಲೆಯ ಒಲೆ ಹಚ್ಚಿದೆ,
ಯಾರಿಗೂ ತೋರಿಸಲಿಕ್ಕಲ್ಲ.
ಅತ್ತಿಗೆ ಬಳಿದ ಮಸಿಯ ಮೇಲೆ
ನನ್ನ ಹೊಗೆ ಏರಿತು.
ಹುಡುಗ ಬಂದರೂ ಬಂದಾನು ಅಂತ
ಒಂದು ಮುದ್ದೆ ಜಾಸ್ತಿ ಕಟ್ಟಿದೆ.